ಸೂರಿಗೊಂದು ಕಿಟಕಿ: ಬೆಳಕು ಬೇಕು, ಬಿಸಿಲು ಬೇಡ!

ಬೆಳಿಗ್ಗೆ ಹನ್ನೊಂದು ಗಂಟೆ. ಹೊರಗೆ ಕಣ್ಣು ಬಿಡಲಾಗದಷ್ಟು ಬಿಸಿಲು. ಆದರೆ ನಿಮ್ಮ ಅಡುಗೆಮನೆಯಲ್ಲಿ ಮಾತ್ರ ಟ್ಯೂಬ್‌ಲೈಟ್ ಉರಿಯುತ್ತಲೇ ಇದೆ. ಬೇಳೆಯಲ್ಲಿ ಹುಳು ಇದೆಯೋ ಇಲ್ಲವೋ ನೋಡಬೇಕಾದರೆ ಮೊರ ಹಿಡಿದು ಮುಂಬಾಗಿಲ ತನಕ ಬರಬೇಕು. ಕರೆಂಟ್ ಹೋಯಿತೋ, ಹಗಲು ಹೊತ್ತಿನಲ್ಲೇ ಮೊಬೈಲ್ ಟಾರ್ಚ್! ಬೆಂಗಳೂರಿನಂಥ ಊರುಗಳಲ್ಲಿ 20x30, 30x40 ಸೈಟಿನಲ್ಲಿ ಮನೆ ಕಟ್ಟಿಕೊಂಡವರಿಗೆ ಇದೇನು ಹೊಸದಲ್ಲ. ಎಡಕ್ಕೆ ಪಕ್ಕದ ಮನೆಯ ಗೋಡೆ, ಬಲಕ್ಕೆ ಇನ್ನೊಂದು ಮನೆಯ ಗೋಡೆ. ಮುಂದೆ ಹಾಲು, ನಡುವೆ ಊಟದ ಜಾಗ, ಹಿಂದೆ ಅಡುಗೆಮನೆ... ಥೇಟ್ ಬಸ್ಸಿನ ಹಾಗೆ ಉದ್ದಕ್ಕೆ! ಬಸ್ಸಿಗಾದರೂ ಎರಡೂ ಕಡೆ ಕಿಟಕಿ ಇರುತ್ತೆ. ನಮ್ಮ ಮನೆಗಳಿಗೆ ಅದೂ ಇಲ್ಲ.

ಹೀಗಿರುವಾಗ ಯಾರಾದರೂ ‘ಸ್ಕೈಲೈಟ್ ಹಾಕಿಸಿಬಿಡಿ’ ಅಂದರೆ ಆಸೆಯಾಗದೆ ಇರುತ್ತಾ? ಸೂರಿಗೇ ಒಂದು ಕಿಟಕಿ. ಪಕ್ಕದ ಮನೆಯವರು ನಾಲ್ಕು ಮಹಡಿ ಏರಿಸಿದರೂ ನೆತ್ತಿಯ ಮೇಲಿನ ಆಕಾಶ ನಮ್ಮದೇ. ಹೊಸ ಮನೆಗಳ ಗೃಹಪ್ರವೇಶಕ್ಕೆ ಹೋದರೆ ಮೆಟ್ಟಿಲ ಮೇಲೋ, ಡೈನಿಂಗ್ ಮೇಲೋ ಗಾಜಿನ ಚಾವಣಿ ಕಾಣಿಸುತ್ತೆ. ‘ಎಷ್ಟು ಚೆನ್ನಾಗಿದೆಯಲ್ಲ’ ಅಂತ ಎಲ್ಲರೂ ತಲೆ ಎತ್ತಿ ನೋಡುತ್ತಾರೆ. ಆದರೆ ಗೃಹಪ್ರವೇಶದ ದಿನ ನೋಡಿದ ಸ್ಕೈಲೈಟೇ ಬೇರೆ, ಏಪ್ರಿಲ್‌ನ ಮಧ್ಯಾಹ್ನ ಎರಡು ಗಂಟೆಗೆ ಅದರ ಕೆಳಗೆ ಕೂತು ಸೊಪ್ಪು ಬಿಡಿಸುವವರ ಸ್ಕೈಲೈಟೇ ಬೇರೆ. ಹಗಲೆಲ್ಲ ಮನೆಯಲ್ಲಿರುವವರು ನೀವು. ಒರೆಸುವವರೂ ನೀವು, ಸೋರಿದರೆ ಬಕೆಟ್ ಇಡುವವರೂ ನೀವು. ಹಾಗಾಗಿ ಇಂಜಿನಿಯರ್ ಮತ್ತು ಯಜಮಾನರು ಕೂತು ಪ್ಲಾನ್ ನೋಡುವಾಗ ಕಾಫಿ ಕೊಟ್ಟು ಒಳಗೆ ಹೋಗಿಬಿಡಬೇಡಿ. ಒಂದು ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ.

ಅಜ್ಜಿ ಮನೆಯ ಕಿಂಡಿ

ಇದೇನು ವಿದೇಶದಿಂದ ಬಂದ ಹೊಸ ಫ್ಯಾಷನ್ ಅಲ್ಲ. ಹಳೇ ಮೈಸೂರು ಕಡೆಯ ತೊಟ್ಟಿಮನೆಗಳಲ್ಲಿ ನಡುಮನೆಗೇ ಆಕಾಶ ತೆರೆದಿರುತ್ತಿತ್ತು. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇರುತ್ತಿತ್ತು. ಮಳೆ ಬಂದರೆ ಯಾರಾದರೂ ಮಾಳಿಗೆ ಹತ್ತಿ ಅದನ್ನು ಮುಚ್ಚಿ ಬರುತ್ತಿದ್ದರು. ಕರಾವಳಿ, ಮಲೆನಾಡಿನಲ್ಲಿ ಹೆಂಚಿನ ನಡುವೆ ಒಂದೋ ಎರಡೋ ಗಾಜಿನ ಹೆಂಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಲ್ಲ ಹೆಂಚೂ ಒಂದೇ ಅಳತೆಗೆ ಬಂತು. ಅದೇ ಅಳತೆಯ ಗಾಜಿನ ಹೆಂಚು ತಂದು, ಒಂದು ಮಣ್ಣಿನ ಹೆಂಚು ತೆಗೆದು ಆ ಜಾಗಕ್ಕೆ ಕೂರಿಸಿದರೆ ಆಯಿತು. ಅಡುಗೆಮನೆಯ ಹೊಗೆಯ ನಡುವೆ ಓರೆಯಾಗಿ ಬೀಳುವ ಆ ಬೆಳಕಿನ ಕೋಲನ್ನು ಹಿಡಿಯಲು ಹೋಗದ ಮಕ್ಕಳುಂಟೇ?

ಇಲ್ಲಿ ಒಂದು ವಿಷಯ ಗಮನಿಸಿ. ಆ ಗಾಜಿನ ಹೆಂಚು ಎಷ್ಟು ದೊಡ್ಡದು? ಉದ್ದ ಒಂದೂವರೆ ಅಡಿಗೂ ಕಡಿಮೆ, ಅಗಲ ಮುಕ್ಕಾಲು ಅಡಿ. ಅಷ್ಟು ಸಣ್ಣ ಕಿಂಡಿಯಿಂದಲೇ ಇಡೀ ಅಡುಗೆಮನೆ ಬೆಳಗುತ್ತಿತ್ತು. ಮೇಲಿನಿಂದ ಬರುವ ಬೆಳಕಿಗೆ ಅಷ್ಟು ಶಕ್ತಿ ಇದೆ. ಈಗಿನ ಮನೆಗಳಲ್ಲಿ ಆಗುವ ಎಡವಟ್ಟೆಲ್ಲ ಇಲ್ಲೇ. ಒಂದು ಮೊರದಗಲ ಸಾಕಾಗುವ ಕಡೆ ಮಂಚದಗಲದ ಗಾಜು ಹಾಕಿಸುತ್ತೇವೆ.

ನೆತ್ತಿಯ ಮೇಲಿನ ಸೂರ್ಯ

ಒಳಾಂಗಣ ವಿನ್ಯಾಸದ ಪತ್ರಿಕೆಗಳಲ್ಲಿ, ಇಂಟರ್‌ನೆಟ್ಟಿನಲ್ಲಿ ಬರುವ ಸ್ಕೈಲೈಟ್ ಚಿತ್ರಗಳಲ್ಲಿ ಬಹುಪಾಲು ಚಳಿ ದೇಶಗಳವು. ಅಲ್ಲಿ ಸೂರ್ಯ ಓರೆಯಾಗಿ ಸಾಗುತ್ತಾನೆ, ಬಿಸಿಲು ಅಂದರೆ ಹಬ್ಬ. ನಮ್ಮಲ್ಲಿ? ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶಾಲೆಯಲ್ಲಿ ‘ಶೂನ್ಯ ನೆರಳಿನ ದಿನ’ ಅಂತ ಮಕ್ಕಳಿಗೆ ಕೋಲು ನೆಟ್ಟು ತೋರಿಸುತ್ತಾರಲ್ಲ, ಅದೇ. ಆಗಸ್ಟಿನಲ್ಲಿ ಮೋಡ ಕಾಪಾಡುತ್ತೆ. ಏಪ್ರಿಲ್‌ನಲ್ಲಿ ಯಾರೂ ಕಾಪಾಡಲ್ಲ.

ನೇರ ಬಿಸಿಲು ಬಿದ್ದಾಗ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು ಸಾವಿರ ವ್ಯಾಟ್‌ನಷ್ಟು ಶಾಖ ಬರುತ್ತೆ. ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲದ ಗಾಜು ಅಂದರೆ ಹತ್ತಿರ ಹತ್ತಿರ ಒಂದೂವರೆ ಚದರ ಮೀಟರ್. ಸಾದಾ ಗಾಜು ಅದರಲ್ಲಿ ಬಹುಪಾಲನ್ನು ಒಳಗೆ ಬಿಟ್ಟುಬಿಡುತ್ತೆ. ಅಂದರೆ ಮಧ್ಯಾಹ್ನ ಒಂದು ಇಸ್ತ್ರಿ ಪೆಟ್ಟಿಗೆಯನ್ನು ಪೂರ್ತಿ ಬಿಸಿ ಮಾಡಿ ಡೈನಿಂಗ್ ಟೇಬಲ್ ಮೇಲೆ ನೇತುಹಾಕಿದ ಹಾಗೆ! ಬೆಂಗಳೂರು, ಮೈಸೂರಿನವರು ಹೇಗೋ ಫ್ಯಾನ್ ಹಾಕಿಕೊಂಡು ತಡೆದುಕೊಂಡಾರು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಕಲಬುರಗಿ, ರಾಯಚೂರು, ಬಳ್ಳಾರಿಯವರು ಮಲಗಿದ ಗಾಜಿನ ದೊಡ್ಡ ಸ್ಕೈಲೈಟನ್ನು ಮರೆತುಬಿಡುವುದೇ ಒಳ್ಳೆಯದು. ಇದು ನನ್ನ ಖಡಾಖಂಡಿತ ಅಭಿಪ್ರಾಯ.

‘ಒಳಗಿನಿಂದ ಒಂದು ಪರದೆ ಕಟ್ಟಿದರಾಯಿತು’ ಅನ್ನುತ್ತೀರಾ? ಗಾಜು ದಾಟಿ ಒಳಗೆ ಬಂದ ಶಾಖ ಆಗಲೇ ಮನೆ ಸೇರಿಯಾಯಿತು. ಪರದೆ ಕಣ್ಣು ಕುಕ್ಕುವುದನ್ನು ತಪ್ಪಿಸುತ್ತೆ, ಸೆಕೆಯನ್ನು ಅಷ್ಟಾಗಿ ತಪ್ಪಿಸಲ್ಲ. ನೆರಳು ಗಾಜಿನ ಹೊರಗಿರಬೇಕು. ನರ್ಸರಿಗಳಲ್ಲಿ ಗಿಡಗಳ ಮೇಲೆ ಹಾಕುವ ಹಸಿರು ಶೇಡ್ ನೆಟ್ ಇದೆಯಲ್ಲ, ಅದನ್ನು ಒಂದು ಕಬ್ಬಿಣದ ಚೌಕಟ್ಟಿಗೆ ಬಿಗಿದು, ಗಾಜಿನಿಂದ ಒಂದು ಅಡಿ ಎತ್ತರದಲ್ಲಿ ನಿಲ್ಲಿಸಿ. ಮಾರ್ಚ್‌ನಲ್ಲಿ ಹಾಕಿ, ಮಳೆಗಾಲಕ್ಕೆ ಮುಂಚೆ ತೆಗೆದಿಟ್ಟುಕೊಳ್ಳಿ. ದುಬಾರಿ ಗಾಜಿಗೆ ದುಡ್ಡು ಸುರಿಯುವ ಮೊದಲು ಈ ಸುಲಭದ ಉಪಾಯ ಮಾಡಿ ನೋಡಿ.

ಅಳತೆಯ ವಿಚಾರಕ್ಕೆ ಬಂದರೆ, ಅಮೆರಿಕದ ಇಂಧನ ಇಲಾಖೆ ತನ್ನ ಜನರಿಗೆ ಕೊಡುವ ಒಂದು ಸರಳ ಲೆಕ್ಕ ಇದೆ: ಕಿಟಕಿಗಳು ಚೆನ್ನಾಗಿರುವ ಕೋಣೆಯಾದರೆ ಸ್ಕೈಲೈಟ್ ನೆಲದ ಅಳತೆಯ ನೂರಕ್ಕೆ ಐದು ಭಾಗ ಮೀರಬಾರದು, ಕಿಟಕಿ ಕಡಿಮೆ ಇದ್ದರೆ ಹದಿನೈದು ಭಾಗ ಮೀರಬಾರದು. ನಮ್ಮ ಬಿಸಿಲಿಗೆ ಆ ಐದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಿ. ಹತ್ತು ಅಡಿಗೆ ಹನ್ನೆರಡು ಅಡಿ ಕೋಣೆ ಅಂದರೆ 120 ಚದರಡಿ. ಅದಕ್ಕೆ 2x3 ಅಡಿಯ ಕಿಂಡಿ ಧಾರಾಳ ಆಯಿತು.

ಮಲಗಿಸಬೇಡಿ, ನಿಲ್ಲಿಸಿ

ಇನ್ನೂ ಒಂದು ದಾರಿ ಇದೆ. ನನ್ನ ಮಟ್ಟಿಗೆ ನಮ್ಮ ಹವೆಗೆ ಅದೇ ಸರಿ. ಗಾಜನ್ನು ತಾರಸಿಯ ಮೇಲೆ ಮಲಗಿಸುವ ಬದಲು, ಆ ಜಾಗದಲ್ಲಿ ಸೂರನ್ನೇ ಎರಡು-ಮೂರು ಅಡಿ ಎತ್ತರಿಸಿ ಮೇಲೆ ಕಾಂಕ್ರೀಟ್ ಮುಚ್ಚಿಗೆ ಹಾಕಿ, ಪಕ್ಕದ ಗೋಡೆಗೆ ಗಾಜು ನಿಲ್ಲಿಸುವುದು. ಹಳೆಯ ಸಿನಿಮಾ ಟಾಕೀಸು, ಕಾರ್ಖಾನೆಗಳ ಸೂರಿನ ಹತ್ತಿರ ಸಾಲು ವೆಂಟಿಲೇಟರ್ ನೋಡಿರುತ್ತೀರಿ, ಆ ಥರ. ನಿಂತ ಗಾಜಿನ ಮೇಲೆ ನೀರು ನಿಲ್ಲಲ್ಲ, ಧೂಳು ಕೂರಲ್ಲ, ಒಂದೂವರೆ ಅಡಿ ಸಜ್ಜ ಹಾಕಿಸಿದರೆ ಮಳೆಯ ಎರಚಲೂ ಹೆದರಿಸಲ್ಲ.

ಯಾವ ಕಡೆಗೆ ಮುಖ? ಉತ್ತರಕ್ಕಾದರೆ ದಿನವಿಡೀ ತಂಪಾದ ಬೆಳಕು. ಮೇ, ಜೂನ್, ಜುಲೈನಲ್ಲಿ ಸೂರ್ಯ ಸ್ವಲ್ಪ ಉತ್ತರಕ್ಕೆ ವಾಲಿದರೂ ಮಧ್ಯಾಹ್ನ ಸಜ್ಜ ತಡೆಯುತ್ತೆ, ಬೆಳಿಗ್ಗೆ ಸಂಜೆ ಒಂದಿಷ್ಟು ಓರೆ ಬಿಸಿಲು ಬರಬಹುದು ಅಷ್ಟೇ. ಪೂರ್ವಕ್ಕಾದರೆ ಎಳೆಬಿಸಿಲು. ಪಶ್ಚಿಮ ಮಾತ್ರ ಖಂಡಿತ ಬೇಡ. ಮಧ್ಯಾಹ್ನ ಮೂರರಿಂದ ಸಂಜೆ ಆರರ ತನಕ ಬೆಂಕಿ. ವಾಸ್ತು ಪಂಡಿತರನ್ನು ಕೇಳುವವರಿಗೂ ಇದು ಒಪ್ಪಿಗೆ. ಅವರೂ ಉತ್ತರ, ಪೂರ್ವ ತೆರೆದಿರಲಿ ಅಂತಲೇ ಹೇಳುತ್ತಾರೆ. ಹಾಗಾಗಿ ಅತ್ತೆಯವರ ಜೊತೆ ಜಗಳವೂ ಇಲ್ಲ!

ಇದರ ಇನ್ನೊಂದು ಲಾಭ ಗಾಳಿ. ಬಿಸಿಗಾಳಿ ಮೇಲಕ್ಕೇ ಹೋಗುತ್ತೆ. ಮೇಲೆ ಅದಕ್ಕೊಂದು ದಾರಿ ಇದ್ದರೆ ಕೆಳಗಿನ ಕಿಟಕಿಯಿಂದ ತಣ್ಣನೆ ಗಾಳಿ ತಾನಾಗಿ ಒಳಗೆ ಎಳೆದುಕೊಳ್ಳುತ್ತೆ. ಆದ್ದರಿಂದ ಗಾಜು ಪೂರ್ತಿ ಭದ್ರ ಮಾಡಿಸದೆ ಅರ್ಧ ಭಾಗವಾದರೂ ತೆರೆಯುವಂತೆ ಇರಲಿ. ಕೆಳಗಿನಿಂದ ಉದ್ದ ಕೋಲಿನಲ್ಲೋ ಹಗ್ಗದಲ್ಲೋ ತೆಗೆದು ಹಾಕುವ ವ್ಯವಸ್ಥೆ ಮಾಡಿಸಿ. ಸೊಳ್ಳೆ ಪರದೆಯ ಜಾಲರಿ ಮರೆಯಬೇಡಿ. ಒಮ್ಮೆ ಪಾರಿವಾಳ ಒಳಗೆ ಬಂದು ಗೂಡು ಕಟ್ಟಿತು ಅಂದರೆ ಓಡಿಸುವುದು ನಿಮ್ಮಿಂದಲೂ ಆಗಲ್ಲ, ನಮ್ಮಿಂದಲೂ ಆಗಲ್ಲ.

ಎಲ್ಲಿ ಬೇಕು, ಎಲ್ಲಿ ಬೇಡ

ಅಮೆರಿಕದಲ್ಲಿ ಕೆಲವರು ಶಾಲೆಯ ಹಳೇ ಬಸ್ ಕೊಂಡು ಅದನ್ನೇ ಪುಟ್ಟ ಮನೆ ಮಾಡಿಕೊಂಡು ಊರೂರು ಸುತ್ತುತ್ತಾರೆ. ಒಳಗೇ ಮಂಚ, ಒಲೆ, ಸಿಂಕ್ ಎಲ್ಲ. ಅಲ್ಲಿರುವ ನಿಮ್ಮ ಮಗಳೋ ಸೊಸೆಯೋ ಫೋಟೋ ಕಳಿಸಿರಬಹುದು. ಅವರಿಗೂ ಚಾವಣಿಗೆ ಗಾಜಿನ ಕಿಂಡಿ ಇಡುವ ಆಸೆ, ಅವರಿಗೂ ಇದೇ ತಲೆನೋವು: ಬೇಸಿಗೆಯಲ್ಲಿ ತಗಡಿನ ಚಾವಣಿಯ ಸೆಕೆ, ಚಳಿಗಾಲದಲ್ಲಿ ಗಾಜಿನ ಒಳಗೆ ನೀರ ಹನಿ, ಓಡಾಟದ ಅಲುಗಾಟಕ್ಕೆ ಅಂಟು ಬಿರಿದು ಸೋರಿಕೆ. ಅವರಲ್ಲಿ ಜಾಣರು ಏನು ಮಾಡುತ್ತಾರೆ ಗೊತ್ತಾ? ಶಾಲಾ ಬಸ್ಸಿನ ಚಾವಣಿಯಲ್ಲಿ ತುರ್ತಾಗಿ ಹೊರಬರಲು ಅಂತ ಮೊದಲೇ ಒಂದು ಕಿಂಡಿ ಇರುತ್ತೆ. ಹೊಸದಾಗಿ ಚಾವಣಿ ಕೊರೆಯದೆ ಆ ಕಿಂಡಿಯ ಜಾಗಕ್ಕೇ ಗಾಜು ಕೂರಿಸಿಕೊಳ್ಳುತ್ತಾರೆ.

ನಮ್ಮ ಮನೆಗಳಲ್ಲೂ ಹಾಗೆ ಮೊದಲೇ ತೆರೆದಿರುವ ಜಾಗ ಒಂದಿದೆ. ತಾರಸಿಗೆ ಹೋಗುವ ಮೆಟ್ಟಿಲಿನ ಹೆಡ್‌ರೂಮ್! ಅದರ ಗೋಡೆ ಆಗಲೇ ತಾರಸಿಗಿಂತ ಏಳೆಂಟು ಅಡಿ ಎತ್ತರದಲ್ಲಿರುತ್ತೆ. ಉತ್ತರದ ಅಥವಾ ಪೂರ್ವದ ಗೋಡೆಯಲ್ಲಿ ಉದ್ದನೆಯ ಗಾಜಿನ ಕಿಟಕಿ ಇಟ್ಟರೆ ಬೆಳಕು ಮೆಟ್ಟಿಲಿಳಿದು ಕೆಳಮನೆಯ ನಡುಭಾಗದ ತನಕ ಬರುತ್ತೆ. ತಾರಸಿ ಕೊರೆಯುವ ಗೋಜೇ ಇಲ್ಲ. ಮೆಟ್ಟಿಲ ಕೆಳಗೆ ಯಾರೂ ಕೂತು ಕೆಲಸ ಮಾಡುವುದಿಲ್ಲವಾದ್ದರಿಂದ ಸ್ವಲ್ಪ ಸೆಕೆಯಾದರೂ ನಡೆಯುತ್ತೆ. ಮನೆ ಕಟ್ಟಿ ಹತ್ತು ವರ್ಷ ಆಗಿರುವವರೂ ಇದನ್ನು ಮಾಡಿಸಬಹುದು.

ಅಡುಗೆಮನೆಗೆ ಬೇಕೇ ಬೇಕು ಅನ್ನುವವರು ಒಲೆಯ ನೇರ ಮೇಲೆ ಮಾತ್ರ ಇಡಿಸಬೇಡಿ. ಒಗ್ಗರಣೆಯ ಎಣ್ಣೆ ಜಿಡ್ಡು ಮೇಲೇರಿ ಗಾಜಿಗೆ ಅಂಟಿಕೊಂಡರೆ ಆ ಎತ್ತರದಲ್ಲಿ ಉಜ್ಜುವವರು ಯಾರು? ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಡಿಸೆಂಬರ್ ಬೆಳಿಗ್ಗೆ ಗಾಜು ತಣ್ಣಗಿರುತ್ತೆ, ಇಡ್ಲಿ ಪಾತ್ರೆಯ ಹಬೆ ಅದಕ್ಕೆ ತಾಗಿ ನೀರಾಗುತ್ತೆ. ಆ ಹನಿ ಕಾದ ಎಣ್ಣೆಯ ಬಾಣಲೆಗೆ ಬಿದ್ದರೆ ಏನಾಗುತ್ತೆ ಅಂತ ನಿಮಗೆ ಹೇಳಿಕೊಡಬೇಕಿಲ್ಲ. ಕಿಂಡಿ ಸಿಂಕಿನ ಮೇಲೋ, ನೀವು ತರಕಾರಿ ಹೆಚ್ಚುವ ಕಟ್ಟೆಯ ಮೇಲೋ ಬರಲಿ. ಅಂದಹಾಗೆ, ಬೆಳಗಿನ ಆ ನೀರ ಹನಿ ನೋಡಿ ಸೋರಿಕೆ ಅಂತ ಗಾಬರಿಯಾಗಿ ಮೇಸ್ತ್ರಿಗೆ ಫೋನ್ ಮಾಡುವವರೂ ಇದ್ದಾರೆ. ಮಳೆ ಇಲ್ಲದ ದಿನವೂ ಹನಿ ಇದ್ದರೆ ಅದು ಹಬೆ. ಎಕ್ಸಾಸ್ಟ್ ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ, ಸರಿಹೋಗುತ್ತೆ.

ಬಚ್ಚಲುಮನೆಗೆ ಸ್ಕೈಲೈಟ್ ತುಂಬ ಒಳ್ಳೆಯದು. ಬೂಷ್ಟು ಕಡಿಮೆಯಾಗುತ್ತೆ, ಬೆಳಿಗ್ಗೆ ಲೈಟ್ ಬೇಕಿಲ್ಲ. ಆದರೆ ಪಕ್ಕದ ಮನೆ ನಿಮ್ಮದಕ್ಕಿಂತ ಎತ್ತರ ಇದೆಯೇ ನೋಡಿಕೊಳ್ಳಿ. ಈಗ ಇಲ್ಲದಿದ್ದರೂ ನಾಳೆ ಏರಿಸುತ್ತಾರೆ. ಮಸುಕು ಗಾಜನ್ನೇ ಹಾಕಿಸಿ.

ಮಲಗುವ ಕೋಣೆಗೆ ನಾನಂತೂ ಬೇಡ ಅನ್ನುತ್ತೇನೆ. ಬೆಳದಿಂಗಳು, ನಕ್ಷತ್ರ ಎಲ್ಲ ಕೇಳಲು ಚೆಂದ. ಬೆಳಿಗ್ಗೆ ಆರಕ್ಕೇ ಮುಖದ ಮೇಲೆ ಬೆಳಕು. ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ಮಗ ಅಥವಾ ಮಧ್ಯಾಹ್ನ ಮಲಗಿಸಬೇಕಾದ ಮಗು ಮನೆಯಲ್ಲಿದ್ದರೆ ನಿಮ್ಮ ಪಾಡು ಯಾರಿಗೂ ಬೇಡ. ಟಿವಿ ಇರುವ ಹಾಲಿನಲ್ಲೂ ಅಷ್ಟೇ, ಪರದೆಯ ಮೇಲೆ ಬರೀ ಗಾಜಿನ ಪ್ರತಿಬಿಂಬ.

ಗಾಜೋ, ಶೀಟೋ?

ಅಂಗಡಿಯವರು ‘ಟಫನ್ಡ್ ಗ್ಲಾಸ್ ಮೇಡಂ, ಸುತ್ತಿಗೆಯಲ್ಲಿ ಹೊಡೆದರೂ ಒಡೆಯಲ್ಲ’ ಅಂತಾರೆ. ಟಫನ್ಡ್ ಗಾಜು ಗಟ್ಟಿ, ನಿಜ. ಆದರೆ ಅಪರೂಪಕ್ಕೊಮ್ಮೆ ಯಾವ ಪೆಟ್ಟೂ ಬೀಳದೆ ತಾನಾಗಿಯೇ ಒಡೆಯುವುದುಂಟು. ತಯಾರಿಕೆಯಲ್ಲಿ ಒಳಗೆ ಸೇರಿಕೊಂಡ ಕಣ್ಣಿಗೆ ಕಾಣದ ಕಲ್ಮಶದ ಕಣ ಅದಕ್ಕೆ ಕಾರಣ. ಒಡೆದರೆ ಸಾವಿರ ಚೂರಾಗಿ ಕೆಳಗೆ ಉದುರುತ್ತೆ. ಕಿಟಕಿಗೆ ಪರವಾಗಿಲ್ಲ, ತಲೆಯ ಮೇಲೆ? ಅಲ್ಲಿ ‘ಲ್ಯಾಮಿನೇಟೆಡ್’ ಗಾಜೇ ಬೇಕು. ಕಾರಿನ ಮುಂಭಾಗದ ಗಾಜಿನ ಹಾಗೆ ಇದರಲ್ಲಿ ಎರಡು ಗಾಜಿನ ನಡುವೆ ಒಂದು ಪ್ಲಾಸ್ಟಿಕ್ ಪದರ ಇರುತ್ತೆ. ಬಿರುಕು ಬಿಟ್ಟರೂ ಚೂರುಗಳು ಆ ಪದರಕ್ಕೆ ಅಂಟಿಕೊಂಡೇ ಇರುತ್ತವೆ. ಆಲಿಕಲ್ಲು ಮಳೆಯಾಗಲಿ, ಎದುರು ಮನೆಯ ತೆಂಗಿನಕಾಯಿಯಾಗಲಿ, ಕೆಳಗಿರುವವರಿಗೆ ಅಪಾಯ ಕಡಿಮೆ. ಬಿಲ್ಲಿನಲ್ಲಿ ಬರೀ ‘ಟಫನ್ಡ್’ ಅಂತಿದ್ದರೆ ಒಪ್ಪಿಕೊಳ್ಳಬೇಡಿ, ‘ಲ್ಯಾಮಿನೇಟೆಡ್’ ಅನ್ನುವ ಪದ ಇರಲೇಬೇಕು. ಇದರ ಇನ್ನೊಂದು ಗುಣ, ಆ ನಡುವಿನ ಪದರ ಬಿಸಿಲಿನ ನೇರಳಾತೀತ ಕಿರಣವನ್ನು ಬಹುತೇಕ ಪೂರ್ತಿ ತಡೆಯುತ್ತೆ. ಸೋಫಾ ಬಟ್ಟೆ, ಗೋಡೆಯ ಮೇಲಿನ ಮದುವೆ ಫೋಟೋ ಬೇಗ ಬಣ್ಣಗೆಡುವುದಿಲ್ಲ.

ಈ ಮಾತು ಬಂದಿದ್ದಕ್ಕೆ ಹೇಳಿಬಿಡುತ್ತೇನೆ. ‘ಮನೆಯೊಳಗೇ ಬಿಸಿಲು ಬೀಳುತ್ತೆ, ವಿಟಮಿನ್ ಡಿ ಸಿಗುತ್ತೆ’ ಅಂತ ಕೆಲವರು ಹೇಳುತ್ತಾರೆ. ಸಿಗಲ್ಲ. ನಮ್ಮ ಚರ್ಮದಲ್ಲಿ ವಿಟಮಿನ್ ಡಿ ಉತ್ಪತ್ತಿಯಾಗಲು ಬೇಕಾದ ಕಿರಣವನ್ನು ಸಾದಾ ಗಾಜೂ ತಡೆದುಬಿಡುತ್ತೆ. ಬಾಣಂತಿ-ಮಗುವನ್ನು ಸ್ಕೈಲೈಟ್ ಕೆಳಗೆ ಕೂರಿಸಿ ಪ್ರಯೋಜನ ಇಲ್ಲ. ಮೈಗೆ ಬಿಸಿಲು ಬೇಕಾದರೆ ತಾರಸಿಗೋ ಅಂಗಳಕ್ಕೋ ಹೋಗಲೇಬೇಕು.

ಗಾಜಿಗಿಂತ ಅಗ್ಗ ಅಂತ ಪಾಲಿಕಾರ್ಬೊನೇಟ್ ಶೀಟಿಗೆ ಹೋಗುವವರೇ ಹೆಚ್ಚು. ತಪ್ಪೇನಿಲ್ಲ, ಹಗುರ, ಒಡೆಯಲ್ಲ, ಯುಟಿಲಿಟಿಗೆ ಹೇಳಿ ಮಾಡಿಸಿದ್ದು. ಆದರೆ ಎರಡು ಮೂರು ಸಂಗತಿ ತಿಳಿದಿರಲಿ. ಶೀಟಿಗೆ ಒಂದು ಬದಿಯಲ್ಲಿ ಬಿಸಿಲು ತಡೆಯುವ ಲೇಪನ ಇರುತ್ತೆ. ಆ ಬದಿ ಮೇಲಕ್ಕೇ ಬರಬೇಕು. ಕೂಲಿಯವರು ತಿರುಗಿಸಿ ಹಾಕಿಬಿಟ್ಟರೆ ಬೇಗನೆ ಹಳದಿಯಾಗುತ್ತೆ. ಶೀಟಿನ ಪ್ಲಾಸ್ಟಿಕ್ ಕವರಿನ ಮೇಲೆ ಯಾವುದು ಮೇಲ್ಬದಿ ಅಂತ ಬರೆದಿರುತ್ತೆ, ಅದನ್ನು ಕೀಳುವ ಮೊದಲು ನೀವೇ ನೋಡಿಕೊಳ್ಳಿ. ಬಿಸಿಲಿಗೆ ಈ ಶೀಟು ಹಿಗ್ಗುತ್ತೆ. ಹತ್ತು ಅಡಿ ಉದ್ದದ ಶೀಟು ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಗೂ ಏಳೆಂಟು ಮಿಲಿಮೀಟರ್ ವ್ಯತ್ಯಾಸ ಮಾಡಬಲ್ಲದು. ಅದಕ್ಕೇ ಸ್ಕ್ರೂ ಹಾಕುವ ತೂತು ಸ್ಕ್ರೂವಿಗಿಂತ ದೊಡ್ಡದಿರಬೇಕು. ಇಲ್ಲದಿದ್ದರೆ ಮಧ್ಯಾಹ್ನವೆಲ್ಲ ‘ಟಕ್ ಟಕ್’ ಸದ್ದು, ಮಳೆಗಾಲದಲ್ಲಿ ತೂತಿನ ಸುತ್ತ ಬಿರುಕು. ಒಳಗೆ ಕೊಳವೆಯಂತೆ ಟೊಳ್ಳಿರುವ ಶೀಟಾದರೆ ತುದಿಗಳಿಗೆ ಟೇಪ್ ಹಾಕಿಸಿ, ಇಲ್ಲವಾದರೆ ಧೂಳು, ಪಾಚಿ ಒಳಗೇ ಕೂತು ಒರೆಸಲೂ ಬರಲ್ಲ. ಇನ್ನು ಸದ್ದು! ಜೋರು ಮಳೆಗೆ ಶೀಟಿನ ಮೇಲೆ ತಮಟೆ ಬಾರಿಸಿದ ಹಾಗಾಗುತ್ತೆ. ಪಿಯುಸಿ ಓದುವ ಮಕ್ಕಳಿರುವ ಮನೆಯವರು ಯೋಚಿಸಿ.

ಸೋರುವುದು ಗಾಜಲ್ಲ, ಸಂದು

ಸ್ಕೈಲೈಟ್ ಸೋರುತ್ತೆ ಅನ್ನುವ ದೂರಿನಲ್ಲಿ ಗಾಜಿನ ತಪ್ಪು ಕಡಿಮೆ. ಗಾಜು ಮತ್ತು ಸಿಮೆಂಟ್ ಸೇರುವ ಸಂದಿನಲ್ಲೇ ಎಲ್ಲ ಕಥೆ. ಕಿಂಡಿಯ ಸುತ್ತ ತಾರಸಿ ಮಟ್ಟದಿಂದ ಕನಿಷ್ಠ ಆರು ಇಂಚು ಎತ್ತರಕ್ಕೆ ಕಟ್ಟೆ ಕಟ್ಟಿಸಲೇಬೇಕು. ತಾರಸಿಯಲ್ಲಿ ಎಲೆ ಸಿಕ್ಕಿಕೊಂಡು ಪೈಪ್ ಕಟ್ಟಿ ನೀರು ನಿಂತರೂ ಅದು ಗಾಜಿನ ಮಟ್ಟಕ್ಕೆ ಬರಬಾರದು. ತಾರಸಿಯ ವಾಟರ್‌ಪ್ರೂಫಿಂಗ್ ಆ ಕಟ್ಟೆಯ ಮೇಲಕ್ಕೂ ಹತ್ತಿರಬೇಕು. ಗಾಜು ಒಂದು ಕಡೆಗೆ ಇಳಿಜಾರಾಗಿರಲಿ, ಕಟ್ಟೆಯಿಂದ ಎರಡು ಇಂಚಾದರೂ ಹೊರಚಾಚಿರಲಿ. ನೀರು ಹೊರಗೆ ತೊಟ್ಟಿಕ್ಕಬೇಕು, ಗೋಡೆಗುಂಟ ಒಳಗೆ ಇಳಿಯಬಾರದು.

ಸಂದಿಗೆ ತುಂಬುವ ಸಿಲಿಕಾನ್ ಟ್ಯೂಬಿನಲ್ಲೂ ಎರಡು ಥರ. ವಿನೆಗರ್‌ನ ಹುಳಿ ವಾಸನೆ ಬರುವುದು ಸಿಮೆಂಟಿಗೆ ಸರಿಯಾಗಿ ಹಿಡಿಯಲ್ಲ, ಲ್ಯಾಮಿನೇಟೆಡ್ ಗಾಜಿನ ಅಂಚಿಗೂ ಒಳ್ಳೆಯದಲ್ಲ. ‘ನ್ಯೂಟ್ರಲ್ ಕ್ಯೂರ್’ ಅಂತ ಟ್ಯೂಬಿನ ಮೇಲೆ ಬರೆದಿರುವುದನ್ನೇ ತರಿಸಿ. ಎರಡಕ್ಕೂ ಬೆಲೆಯಲ್ಲಿ ಅಂಥ ದೊಡ್ಡ ಅಂತರವೇನಿಲ್ಲ, ಕೆಲಸದವರು ಕೈಗೆ ಸಿಕ್ಕಿದ್ದನ್ನು ತರುತ್ತಾರೆ ಅಷ್ಟೇ. ಕೆಲಸ ಮುಗಿದ ಮೇಲೆ ದುಡ್ಡು ಕೊಡುವ ಮೊದಲು ಪೈಪ್ ಹಿಡಿದು ಒಂದು ಗಂಟೆ ನೀರು ಬಿಡಿಸಿ. ಮೊದಲು ಕೆಳಗಿನ ಅಂಚು, ಆಮೇಲೆ ಪಕ್ಕ, ಕೊನೆಗೆ ಮೇಲಿನ ಅಂಚು. ಹೀಗೆ ಮಾಡಿದರೆ ಯಾವ ಸಂದಿನಿಂದ ಬರುತ್ತಿದೆ ಅಂತ ಗೊತ್ತಾಗುತ್ತೆ. ಒಬ್ಬರು ಮೇಲೆ, ಒಬ್ಬರು ಕೆಳಗೆ ಇರಿ.

ತಾರಸಿ ಕೊರೆಯುವ ಮುನ್ನ

ಹೊಸ ಮನೆಯಾದರೆ ಸೆಂಟ್ರಿಂಗ್ ಹೊಡೆಯುವಾಗಲೇ ಕಿಂಡಿಯ ಜಾಗ ಗುರುತಿಸಿ ಸುತ್ತ ಹೆಚ್ಚುವರಿ ಕಂಬಿ ಕಟ್ಟಿಸಿದರೆ ಮುಗಿಯಿತು. ಆಗಲೇ ಹಾಕಿರುವ ಆರ್‌ಸಿಸಿ ತಾರಸಿಯನ್ನು ಕೊರೆಯುವುದು ಬೇರೆಯೇ ಮಾತು. ಒಳಗೆ ಭಾರ ಹೊರುವ ಕಂಬಿಗಳಿವೆ. ‘ಎರಡು ಕಂಬಿ ತಾನೇ, ಕಟ್ ಮಾಡಿದರೆ ಏನೂ ಆಗಲ್ಲ’ ಅನ್ನುವ ಮೇಸ್ತ್ರಿಯ ಮಾತು ನಂಬಿ ಡ್ರಿಲ್ ಹಚ್ಚಿಸಬೇಡಿ. ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರು ಬಂದು ನೋಡಿ, ಎಲ್ಲಿ, ಎಷ್ಟು ಅಂತ ಬರೆದು ಕೊಡಲಿ. ಅವರ ಫೀಸು ದಂಡ ಅಂತ ಅನ್ನಿಸಿದರೆ ಸ್ಕೈಲೈಟ್ ಆಸೆಯನ್ನೇ ಬಿಡಿ.

ಕೊನೆಯ ಮಹಡಿಯ ಫ್ಲ್ಯಾಟಿನವರು ‘ಮೇಲೆ ತಾರಸಿ ನಮ್ಮದೇ ತಾನೇ’ ಅಂದುಕೊಳ್ಳುತ್ತಾರೆ. ಅಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಚಾವಣಿಯನ್ನು ಎಲ್ಲರಿಗೂ ಸೇರಿದ ಭಾಗಗಳ ಪಟ್ಟಿಯಲ್ಲಿಟ್ಟಿದೆ. ಅಸೋಸಿಯೇಷನ್ ಜೊತೆ ವ್ಯಾಜ್ಯ ಕಟ್ಟಿಕೊಳ್ಳಬೇಡಿ.

ಇನ್ನೊಂದು ಪ್ರಶ್ನೆ ಮನೆಮಂದಿಯೆಲ್ಲ ಕೂತು ಕೇಳಿಕೊಳ್ಳಬೇಕು: ಮುಂದೆ ಮೇಲೊಂದು ಮಹಡಿ ಏರಿಸುತ್ತೀರಾ? ‘ಮಗನ ಮದುವೆ ಹೊತ್ತಿಗೆ ಮೇಲೆ ಎರಡು ರೂಮು’ ಅನ್ನುವ ಮಾತು ಯಾರ ಮನೆಯಲ್ಲಿಲ್ಲ ಹೇಳಿ! ಹಾಗಿದ್ದರೆ ಇವತ್ತಿನ ಸ್ಕೈಲೈಟ್ ನಾಳೆ ಮೇಲ್ಮನೆಯ ನೆಲವಾಗುತ್ತೆ. ಅಂಥವರು ಮೆಟ್ಟಿಲ ಜಾಗದಲ್ಲೇ ಇಡಿಸಿ. ಮಹಡಿ ಏರಿದರೆ ಮೆಟ್ಟಿಲೂ ಏರುತ್ತೆ, ಕಿಟಕಿಯೂ ಅದರ ಜೊತೆ ಮೇಲೆ ಹೋಗುತ್ತೆ.

ದೊಡ್ಡ ಕಿಂಡಿ ಕೊರೆಯಲು ಆಗದ ಕತ್ತಲ ಮೂಲೆಗೆ, ಉದಾಹರಣೆಗೆ ಸ್ಟೋರ್ ರೂಮಿಗೆ, ಬೆಳಕಿನ ಕೊಳವೆ ಅಂತ ಒಂದು ಬರುತ್ತೆ. ತಾರಸಿಯ ಮೇಲೆ ಒಂದು ಸಣ್ಣ ಗುಮ್ಮಟ, ಅದರಿಂದ ಕೆಳಗೆ ಕನ್ನಡಿಯಂತೆ ಹೊಳೆಯುವ ಒಂದು ಪೈಪು, ಕೋಣೆಯ ಸೂರಿನಲ್ಲಿ ದುಂಡಗಿನ ಮಸುಕು ಗಾಜು. ಬೆಳಕು ಬರುತ್ತೆ, ಸೆಕೆ ಅಷ್ಟಾಗಿ ಬರಲ್ಲ, ಗಾಳಿಯೂ ಬರಲ್ಲ.

ಕರೆಂಟ್ ಬಿಲ್ ಉಳಿಯುತ್ತೆ ಅನ್ನುವ ಲೆಕ್ಕಕ್ಕೆ ಮಾತ್ರ ಮರುಳಾಗಬೇಡಿ. ಇಪ್ಪತ್ತು ವ್ಯಾಟಿನ ಎರಡು ಎಲ್‌ಇಡಿ ಟ್ಯೂಬ್ ದಿನಕ್ಕೆ ಎಂಟು ಗಂಟೆ ಉರಿದರೂ ವರ್ಷಕ್ಕೆ 117 ಯೂನಿಟ್ ಆಸುಪಾಸು. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ಎಂಟುನೂರು ಚಿಲ್ಲರೆ. ಸ್ಕೈಲೈಟಿಗೆ ಹಾಕಿದ ದುಡ್ಡು ಹಾಗೆ ವಾಪಸ್ ಬರುವುದು ಯಾವ ಕಾಲಕ್ಕೋ. ಸೆಕೆಗೆ ಫ್ಯಾನ್ ಹೆಚ್ಚು ಓಡಿದರೆ ಅದೂ ಇಲ್ಲ. ಹಗಲು ಹೊತ್ತು ಹಗಲಿನ ಹಾಗೇ ಕಾಣಬೇಕು, ಮನಸ್ಸಿಗೆ ಹಿತವಾಗಿರಬೇಕು ಅಂತ ಮಾಡಿಸಿ. ಅದು ಸಣ್ಣ ಕಾರಣವೇನಲ್ಲ.

ಮಕ್ಕಳು, ಕಳ್ಳರು, ಕೋತಿಗಳು

ಇದನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ತಾರಸಿಯ ಮೇಲಿನ ಗಾಜು ಕೆಳಗಿನವರಿಗೆ ಕಿಟಕಿ, ಮೇಲಿರುವವರಿಗೆ ಗುಂಡಿ! ನೀವು ಸಂಡಿಗೆ ಹಾಕಲು ಹೋದಾಗ ಹಿಂದೆ ಹಿಂದೆ ಹೆಜ್ಜೆ ಇಡುತ್ತೀರಿ, ಮಕ್ಕಳು ಗಾಳಿಪಟ ನೋಡುತ್ತಾ ಓಡುತ್ತಾರೆ, ಟ್ಯಾಂಕ್ ತೊಳೆಯಲು ಬಂದವನು ಬಕೆಟ್ ಇಡಲು ಜಾಗ ಹುಡುಕುತ್ತಾನೆ. ಆರು ಇಂಚಿನ ಕಟ್ಟೆ ನೀರನ್ನು ತಡೆಯುತ್ತೆ, ಮಗುವನ್ನು ತಡೆಯಲ್ಲ. ಕೂರಲು ಕಟ್ಟೆ ಸಿಕ್ಕಿತು ಅಂತ ಅದರ ಮೇಲೇ ಹತ್ತುತ್ತವೆ. ಲ್ಯಾಮಿನೇಟೆಡ್ ಗಾಜಾದರೂ, ಶೀಟಾದರೂ, ಗಾಜಿನ ಕೆಳಗೆ ನಾಲ್ಕು ಇಂಚಿಗೊಂದು ಕಂಬಿಯ ಗಟ್ಟಿ ಗ್ರಿಲ್ ಇರಲೇಬೇಕು. ಗಾಜು ಹೋದರೂ ಮನುಷ್ಯ ಕೆಳಗೆ ಬೀಳಬಾರದು. ತಾರಸಿಯಲ್ಲಿ ಮಕ್ಕಳ ಓಡಾಟ ಹೆಚ್ಚಿದ್ದರೆ ಸುತ್ತ ಮೂರು ಅಡಿ ಎತ್ತರದ ಕಂಬಿ ಬೇಲಿಯನ್ನೂ ಹಾಕಿಸಿ. ಹಣ ಉಳಿಸಬೇಕೆಂದರೆ ಗಾಜಿನ ಅಳತೆ ಕಡಿಮೆ ಮಾಡಿ, ಗ್ರಿಲ್ ಮಾತ್ರ ಬಿಡಬೇಡಿ. ಅದೇ ಗ್ರಿಲ್ ಕಳ್ಳರಿಗೂ ಅಡ್ಡ. ಎಲ್ಲರೂ ಮುಂಬಾಗಿಲಿಗೆ ಮೂರು ಬೀಗ ಹಾಕಿ ಊರಿಗೆ ಹೋಗುತ್ತೇವೆ, ಮೇಲಿನ ಕಿಂಡಿ ನೆನಪಿರಲ್ಲ. ಕೋತಿ ಕಾಟ ಇರುವ ಬಡಾವಣೆಯವರಿಗಂತೂ ಬೇರೆ ಹೇಳಬೇಕಿಲ್ಲ.

ಈಗಾಗಲೇ ಸ್ಕೈಲೈಟ್ ಇರುವವರು ಮೇ ಕೊನೆಯಲ್ಲಿ, ಶೇಡ್ ನೆಟ್ ತೆಗೆಯುವ ದಿನವೇ, ಅರ್ಧ ಗಂಟೆ ಅದಕ್ಕೆ ಕೊಡಿ. ಕಟ್ಟೆಯ ಸುತ್ತ ಬಿರುಕಿದೆಯಾ ನೋಡಿ. ಸಿಲಿಕಾನನ್ನು ಉಗುರಿನಿಂದ ಕೆರೆದು ನೋಡಿ. ಗಟ್ಟಿಯಾಗಿ ಪದರ ಪದರವಾಗಿ ಏಳುತ್ತಿದ್ದರೆ ಪೂರ್ತಿ ಕಿತ್ತು ಹೊಸದು ಹಾಕಿಸಬೇಕು, ಹಳೆಯದರ ಮೇಲೆ ಹೊಸದು ಬಳಿದರೆ ನಿಲ್ಲಲ್ಲ. ಗಾಜಿಗೆ ಸೋಪು ನೀರು, ಮೆತ್ತನೆ ಬಟ್ಟೆ ಸಾಕು. ಪಾಲಿಕಾರ್ಬೊನೇಟ್ ಶೀಟಿಗೆ ಪಾತ್ರೆ ತಿಕ್ಕುವ ಸ್ಕ್ರಬ್ಬರ್, ಥಿನ್ನರ್ ಮುಟ್ಟಿಸಬೇಡಿ, ಗೀರು ಬಿದ್ದು ಶಾಶ್ವತವಾಗಿ ಮಂಕಾಗುತ್ತೆ. ಕೆಲಸದವರನ್ನು ಗಾಜಿನ ಮೇಲೆ ಹತ್ತಿಸಬೇಡಿ, ಪಕ್ಕದಲ್ಲಿ ನಿಂತು ಉದ್ದ ಹಿಡಿಯ ಒರಸಿನಿಂದ ಒರೆಸಲಿ. ಒಳಬದಿಯ ಜೇಡರ ಬಲೆಗೆ ಏಣಿ ಹಾಕುವಾಗ ಕೆಳಗೆ ಹಿಡಿದುಕೊಳ್ಳಲು ಇನ್ನೊಬ್ಬರು ಇರಲಿ. ಭಾನುವಾರ ಯಜಮಾನರು ಮನೆಯಲ್ಲೇ ಇರುತ್ತಾರಲ್ಲ, ಏಣಿ ಅವರು ಹತ್ತಲಿ, ಹಿಡಿದುಕೊಳ್ಳುವವರು ನೀವಾಗಿ!